ಕಾಟ್ಲಾ ಮರಿಯೋ, ರೋಹು ಮರಿಯೋ?
ಸಿಂಧನೂರು, ಗಂಗಾವತಿ ಕಡೆ ಕೆರೆಗೆ ಈ ಮೀನುಗಳ ಮರಿ ಬಿಡುವವರು ಮೊದಲು ಬಾಯಿ ನೋಡಬೇಕು. ಕಾಟ್ಲಾದ ತಲೆ ದೊಡ್ಡದು, ಬಾಯಿ ಮೇಲಕ್ಕೆ ತೆರೆದಿರುತ್ತದೆ, ಮೀಸೆ ಇರುವುದಿಲ್ಲ. ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹುವಿನ ತಲೆ ಚಿಕ್ಕದು, ಬಾಯಿ ತುಸು ಕೆಳಗೆ, ತುಟಿಯ ಅಂಚು ಜಾಲರಿಯಂತೆ. ಅದರ ಮೇವು ನಡುನೀರಿನಲ್ಲಿ. ಬಣ್ಣ ನಂಬಬೇಡಿ, ಮಣ್ಣುನೀರಿನಲ್ಲಿ ಎರಡೂ ಮಾಸಲಾಗುತ್ತವೆ.

ಎಡವಟ್ಟಾಗುವುದು ಬೆರಳುದ್ದದ ಮರಿಯಲ್ಲೇ. ರೋಹು ಮರಿಯ ಬಾಲದ ಬುಡದಲ್ಲಿ ಕಪ್ಪು ಮಚ್ಚೆಯಿರುತ್ತದೆ, ಆದರೆ ಮೃಗಾಲ್ ಎಂಬ ಇನ್ನೊಂದು ಮೀನಿನ ಮರಿಗೂ ಮಚ್ಚೆಯುಂಟು. ತುಟಿ ನೋಡದೆ ತೀರ್ಮಾನಿಸಬೇಡಿ. ಬಿಳಿ ತಟ್ಟೆಯಲ್ಲಿ ಎರಡು ಇಂಚು ಕೆರೆ ನೀರು ಹಾಕಿ, ಅದರಲ್ಲೇ ಬಿಟ್ಟು ನೋಡಿ. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ, ಹುರುಪೆ ಕಿತ್ತು ಹುಣ್ಣಾಗುತ್ತದೆ.

ಏಳೆಂಟು ತಿಂಗಳಷ್ಟೇ ನೀರು ನಿಲ್ಲುವ ಕೆರೆಗೆ ಬೇಗ ಬೆಳೆಯುವ ಕಾಟ್ಲಾವೇ ಮುಖ್ಯವಾಗಿರಲಿ. ವರ್ಷವಿಡೀ ನೀರಿದ್ದರೆ ಎರಡನ್ನೂ ಬಿಡಿ, ಮೇವಿಗೆ ಪೈಪೋಟಿ ಕಡಿಮೆ.