ಕನ್ನಡಕ ಹಾಕುವವರಿಗೆ ಯಾವ ಡೈವಿಂಗ್ ಮಾಸ್ಕ್? ಮೂರು ಕೊಂಡ ಮೇಲಿನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಕನ್ನಡಕ ಇದ್ದು, ಸ್ಕೂಬಾ ಡೈವಿಂಗ್‌ಗೆ ಸ್ವಂತ ಮಾಸ್ಕ್ ಕೊಳ್ಳುವ ಯೋಚನೆ ಇದ್ದರೆ, ಒಂದೊಂದು ಕಣ್ಣಿಗೆ ಬೇರೆ ಬೇರೆ ಗಾಜು ಇರುವ, ಅಂದರೆ ಎರಡು ಗಾಜಿನ ಮಾಸ್ಕ್ ತಗೊಳ್ಳಿ. ಅದರಲ್ಲೂ ಪವರ್ ಲೆನ್ಸ್ ಬಿಡಿಯಾಗಿ ಸಿಗುವ ಮಾಡೆಲ್ಲನ್ನೇ ತಗೊಳ್ಳಿ. ಸಾದಾ ಗಾಜು ತೆಗೆದು ಅದೇ ಜಾಗಕ್ಕೆ ಪವರ್ ಲೆನ್ಸ್ ಕೂರಿಸಬಹುದು. ನಾನು ಇದನ್ನು ಕೊಂಡಿದ್ದು ಮೂರನೇ ಸಲಕ್ಕೆ. ಮೊದಲ ಸಲವೇ ಕೊಂಡಿದ್ದರೆ ₹14,800 ಉಳಿಯುತ್ತಿತ್ತು, ನೇತ್ರಾಣಿ ದ್ವೀಪದ ಎರಡು ಪ್ರವಾಸ ಹಾಳಾಗುತ್ತಿರಲಿಲ್ಲ.

ನನ್ನದು ದಾವಣಗೆರೆ. ಪಿ.ಬಿ. ರಸ್ತೆಯಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ವಯಸ್ಸು 48. ಬಲಗಣ್ಣಿಗೆ ಮೈನಸ್ 4, ಜೊತೆಗೆ ಸಿಲಿಂಡರ್ ಪವರ್ (ಕಣ್ಣಿನ ಉಬ್ಬು ಎಲ್ಲಾ ಕಡೆ ಸಮ ಇಲ್ಲದ್ದಕ್ಕೆ ಕೊಡುವ ಪವರ್) ಮೈನಸ್ 1. ಎಡಗಣ್ಣಿಗೆ ಬರೀ ಮೈನಸ್ 4. ಓದುವುದಕ್ಕೆ ಬೇರೆ ಪವರ್. ಈಜು ಕಲಿತದ್ದು ಭದ್ರಾ ನಾಲೆಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಸಮುದ್ರಕ್ಕೆ ಇಳಿದದ್ದು ಮಾತ್ರ ನಲವತ್ತು ದಾಟಿದ ಮೇಲೆ.

ಡೈವಿಂಗ್‌ಗೆ ಹೋಗುವುದು ವರ್ಷಕ್ಕೆ ಎರಡು ಸಲ. ರಾತ್ರಿ ಹೊರಟು ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಘಾಟಿ ಇಳಿದರೆ ಬೆಳಗಾಗುವಷ್ಟರಲ್ಲಿ ಮುರುಡೇಶ್ವರ. ಅಲ್ಲಿಂದ ಬೋಟಿನಲ್ಲಿ ಒಂದು ಗಂಟೆಗೂ ಮೇಲೆ ಹೋದರೆ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿ.ಮೀ. ದೂರ. ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಹಾಗಾಗಿ ನಮಗೆ ಸಿಗುವ ದಿನಗಳೇ ಕಡಿಮೆ. ಇಷ್ಟು ದೂರ ಹೋಗಿ ನೀರಿನೊಳಗೆ ಏನೂ ಕಾಣದೆ ಬಂದರೆ ಎಷ್ಟು ಬೇಜಾರಾಗುತ್ತದೆ ಅನ್ನುವುದು ಹೋಗಿಬಂದವರಿಗೆ ಗೊತ್ತು.

ಈಜುಕೊಳಕ್ಕೆ ಹಾಕುವ ಪವರ್ ಗಾಗಲ್ಸ್ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ಹತ್ತು ಮೀಟರ್ ಆಳಕ್ಕೆ ಹೋದರೆ ಒತ್ತಡ ಎರಡು ಪಟ್ಟಾಗುತ್ತದೆ, ಗಾಗಲ್ಸ್ ಕಣ್ಣನ್ನು ಹೀರಿಕೊಳ್ಳಲು ಶುರುಮಾಡುತ್ತದೆ. ಡೈವಿಂಗ್ ಮಾಸ್ಕಿನೊಳಗೆ ಮೂಗೂ ಇರುತ್ತದೆ. ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಒಳಗಿನ ಒತ್ತಡ ಸರಿಹೋಗುತ್ತದೆ. ಗಾಗಲ್ಸ್‌ನಲ್ಲಿ ಅದಕ್ಕೆ ದಾರಿಯೇ ಇಲ್ಲ.

ಮುಖ ಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಸ್ಕೂಬಾಗೆ ಅಲ್ಲವೇ ಅಲ್ಲ. ಅದನ್ನು ಇಲ್ಲಿ ಲೆಕ್ಕಕ್ಕೇ ತಗೊಂಡಿಲ್ಲ.

ನಾನು ಮೊದಲು ಕೊಂಡಿದ್ದು ಫ್ರೇಮ್ ಇಲ್ಲದ, ಒಂದೇ ಅಗಲ ಗಾಜಿನ ಮಾಸ್ಕ್. ₹6,500. ಕಪ್ಪು ಸಿಲಿಕೋನ್, ಹಗುರ, ಮಡಚಿದರೆ ಜೇಬಿಗೂ ಹೋಗುತ್ತದೆ. ನೋಟ ಅಗಲ. ಒಳಗೆ ಜಾಗ ಕಡಿಮೆ ಇರುವುದರಿಂದ ನೀರು ಹೊಕ್ಕರೆ ಒಂದೇ ಉಸಿರಿಗೆ ಹೊರಗೆ ಹಾಕಬಹುದು. ಮಾಸ್ಕ್ ಅಂತ ನೋಡಿದರೆ ನನ್ನ ಮೂರರಲ್ಲಿ ಇದೇ ಚೆಂದ. ಆದರೆ ಗಾಜನ್ನು ಸಿಲಿಕೋನಿನ ಜೊತೆಗೇ ಅಚ್ಚು ಹಾಕಿರುತ್ತಾರೆ. ಅದನ್ನು ಬಿಚ್ಚಿ ಪವರ್ ಲೆನ್ಸ್ ಹಾಕಲು ಬರುವುದಿಲ್ಲ. ಅಂಗಡಿಯಲ್ಲಿ ಅದನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡರಾಯಿತು ಅಂದುಕೊಂಡೆ.

ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಡೈವ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ತಪ್ಪೇನಲ್ಲ. ನೀರು ಹೊಕ್ಕಾಗ ಕಣ್ಣು ಮುಚ್ಚಿಕೊಳ್ಳಬೇಕು, ಅಷ್ಟೇ. ಆದರೆ ಅದು ಅಭ್ಯಾಸ ಇರುವವರ ಮಾತು. ದಿನಾ ಕನ್ನಡಕ ಹಾಕುವ ನಾನು ವರ್ಷಕ್ಕೆ ನಾಲ್ಕು ದಿನ ಮಾತ್ರ ಲೆನ್ಸ್ ಹಾಕುವವನು. ಅಲುಗಾಡುವ ಬೋಟಿನಲ್ಲಿ, ಉಪ್ಪುಗಾಳಿಯಲ್ಲಿ, ಬೆರಳ ತುದಿಯಲ್ಲಿ ಲೆನ್ಸ್ ಹಿಡಿದು ಕಣ್ಣಿಗೆ ಇಡುವುದು ನನ್ನ ಕೈಯಲ್ಲಿ ಆಗಲಿಲ್ಲ. ಲಾಡ್ಜಿನಲ್ಲೇ ನಸುಕಿಗೆ ಎದ್ದು ಹಾಕಿಕೊಳ್ಳಬೇಕಾಗಿತ್ತು.

ಆ ದಿನ ಸುಮಾರು 14 ಮೀಟರ್ ಆಳದಲ್ಲಿದ್ದೆವು. ಮುಂದೆ ಹೋಗುತ್ತಿದ್ದವರ ಕಾಲಿನ ಫಿನ್ (ಈಜುರೆಕ್ಕೆ) ನನ್ನ ಮಾಸ್ಕಿಗೆ ಬಡಿಯಿತು. ನೀರು ನುಗ್ಗಿತು. ಕಣ್ಣು ಮುಚ್ಚಬೇಕು ಅನ್ನುವುದು ಗೊತ್ತಿತ್ತು, ಆದರೆ ಗಾಬರಿಗೆ ಕಣ್ಣು ಬಿಟ್ಟುಬಿಟ್ಟೆ. ಮಾಸ್ಕಿನ ನೀರು ಹೊರಗೆ ಹಾಕಿದ ಮೇಲೆ ನೋಡುತ್ತೇನೆ, ಬಲಗಣ್ಣಿಗೆ ಎಲ್ಲಾ ಸ್ಪಷ್ಟ, ಎಡಗಣ್ಣಿಗೆ ಬರೀ ನೀಲಿ ಮಂಜು. ಒಂದು ಲೆನ್ಸ್ ಹೋಗಿತ್ತು. ಎರಡು ಕಣ್ಣೂ ಒಂದೇ ಥರ ಕಾಣದಿದ್ದರೆ ದೂರದ ಅಂದಾಜು ತಪ್ಪುತ್ತದೆ. ಬಂಡೆ ಇನ್ನೂ ಒಂದು ಮೊಳ ದೂರ ಇದೆ ಅಂದುಕೊಂಡು ಕೈ ಚಾಚಿದೆ, ಬೆರಳಿನ ಗೆಣ್ಣು ತರಚಿಹೋಯಿತು. ತಲೆ ತಿರುಗಿದಂತಾಗಿ ಹೊಟ್ಟೆ ತೊಳಸಲು ಶುರುವಾಯಿತು. ಗೈಡಿಗೆ ಕೈಸನ್ನೆ ಮಾಡಿದೆ. ಮೇಲೆ ಬಂದುಬಿಟ್ಟೆವು.

ಅವತ್ತು ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಗಾಳಿ ಎಷ್ಟಿದೆ ಅಂತ ಗೇಜ್ ನೋಡಿದಾಗ, ಲೆನ್ಸ್ ಇದ್ದ ಬಲಗಣ್ಣಿಗೆ ಅಂಕಿ ಮಸುಕು. ಲೆನ್ಸ್ ಹೋದ ಎಡಗಣ್ಣಿಗೆ ಗೇಜನ್ನು ಒಂದು ಗೇಣಿನ ಹತ್ತಿರ ಹಿಡಿದರೆ ಮುಳ್ಳು, ಅಂಕಿ ಎಲ್ಲಾ ಚೂಪಾಗಿ ಕಂಡವು. ನಲವತ್ತೈದು ದಾಟಿದವರಿಗೆ ಇದು ಅರ್ಥವಾಗುತ್ತದೆ. ದೂರದ ಪವರ್ ಪೂರ್ತಿ ಹಾಕಿದರೆ ಹತ್ತಿರದ್ದು ಕಾಣುವುದಿಲ್ಲ. ಇದು ಆಮೇಲೆ ಕೆಲಸಕ್ಕೆ ಬಂತು, ಮುಂದೆ ಹೇಳುತ್ತೇನೆ.

ಮರುದಿನಕ್ಕೆ ಬದಲಿ ಲೆನ್ಸ್ ತಂದಿರಲಿಲ್ಲ. ಉಳಿದಿದ್ದ ಇನ್ನೊಂದನ್ನೂ ಬಿಸಾಡಿದ್ದೆ. ನೀರು ತಾಗಿದ ಲೆನ್ಸ್ ಮತ್ತೆ ಹಾಕಬಾರದು, ನೀರಿನಲ್ಲಿರುವ ಅಮೀಬಾದಿಂದ ಕಣ್ಣಿಗೆ ಕೆಟ್ಟ ಸೋಂಕು ಆಗಬಹುದು. ಹಾಗಾಗಿ ಎರಡನೇ ದಿನ ಬರಿಗಣ್ಣಲ್ಲೇ ಇಳಿದೆ. ಗೈಡ್ ಪುಣ್ಯಾತ್ಮ, ಪೂರ್ತಿ ಹೊತ್ತು ನನ್ನ ಪಕ್ಕ ಬಿಡಲಿಲ್ಲ. ಒಂದು ಸೀಳಿನ ಕಡೆ ಬೊಟ್ಟು ಮಾಡಿದ. ನನಗೆ ಕಂಡಿದ್ದು ಕಂದು ಬಣ್ಣದ ಕಲೆ. ಬೋಟಿಗೆ ಬಂದ ಮೇಲೆ ಎಲ್ಲರೂ ಮೋರೆ ಈಲ್ ಅನ್ನುವ ಹಾವಿನಂಥ ಮೀನು ಬಾಯಿ ತೆರೆದು ಮುಚ್ಚುವುದನ್ನು ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ನಾನು ಟವೆಲ್ ಹೊದ್ದು ಸುಮ್ನೆ ಕೂತಿದ್ದೆ.

ಎರಡನೆಯದು ಲೆನ್ಸ್ ಅಂಟಿಸಿದ ಮಾಸ್ಕ್. ಸಾದಾ ಮಾಸ್ಕಿಗೆ ₹2,800, ನಮ್ಮ ಪವರ್ ಪ್ರಕಾರ ಲೆನ್ಸ್ ಕತ್ತರಿಸಿ ಗಾಜಿನ ಒಳಮೈಗೆ ಅಂಟಿಸುವುದಕ್ಕೆ ₹5,500. ದಾವಣಗೆರೆಯಲ್ಲಿ ನಾನು ಯಾವಾಗಲೂ ಹೋಗುವ ಕನ್ನಡಕದ ಅಂಗಡಿಯವರು ಮಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಇದು ನಮ್ಮ ಕೈಲಿ ಆಗಲ್ಲ ಸರ್, ನೀರೊಳಗೆ ನಿಲ್ಲೋ ಅಂಟು ನಮ್ಮ ಹತ್ರ ಇಲ್ರೀ’ ಅಂದರು. ಅವರ ಮಾತು ಕೇಳಬೇಕಿತ್ತು. ಬೇರೆ ಊರಿನ ಅಂಗಡಿಗೆ ಕಳಿಸಿದೆ.

ಮೊದಲ ಸಲ ಹಾಕಿಕೊಂಡಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಸಿಲಿಂಡರ್ ಪವರ್ ಸಮೇತ ನನ್ನ ಕನ್ನಡಕದ ನೋಟವೇ ನೀರಿನೊಳಗೆ ಸಿಕ್ಕಿತ್ತು. ತೊಂದರೆ ಶುರುವಾಗಿದ್ದು ಮಂಜಿನಿಂದ.

ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯಲ್ಲಿ ಕೂತ ಸಿಲಿಕೋನಿನ ತೆಳು ಪದರ ಇರುತ್ತದೆ. ಅದು ಹೋಗುವವರೆಗೆ ಉಸಿರಿನ ಬಿಸಿಗೆ ಗಾಜು ಮಂಜಾಗುತ್ತಲೇ ಇರುತ್ತದೆ. ಅದಕ್ಕೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಉಜ್ಜಿ ತೊಳೆಯಬೇಕು, ನಾಲ್ಕೈದು ಸಲ. ಮೊದಲ ಮಾಸ್ಕಿಗೆ ಹಾಗೇ ಮಾಡಿದ್ದೆ, ಸರಿಹೋಗಿತ್ತು. ಇದಕ್ಕೂ ಅದನ್ನೇ ಮಾಡಿದೆ. ಆದರೆ ಇಲ್ಲಿ ಒಳಗಡೆ ಇದ್ದದ್ದು ಗಾಜಲ್ಲ, ಅಂಟಿಸಿದ ಪ್ಲಾಸ್ಟಿಕ್ ಲೆನ್ಸ್. ಟೂತ್‌ಪೇಸ್ಟಿನ ನುಣ್ಣನೆ ಪುಡಿಗೆ ಅದರ ಮೇಲೆಲ್ಲಾ ಕೂದಲೆಳೆಯಂಥ ಗೀರು ಬಿದ್ದವು. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಗೀರುಗಳು ಬಲೆಯ ಹಾಗೆ ಹೊಳೆಯುತ್ತಿದ್ದವು. ನೀರಿನಲ್ಲಿ ಸೂರ್ಯನ ಕಡೆ ನೋಡಿದರೆ ಎದುರಿಗೆ ಬಿಳಿ ಪರದೆ.

ಇನ್ನೊಂದು ತೊಂದರೆ ಲೆನ್ಸಿನ ಅಂಚಿನದು. ಗಾಜಿನಿಂದ ಎರಡು ಮೂರು ಮಿಲಿಮೀಟರ್ ಎದ್ದು ನಿಂತಿರುತ್ತದೆ. ಆ ಮೆಟ್ಟಿಲಿನಲ್ಲಿ ಹನಿ ನಿಲ್ಲುತ್ತದೆ. ಮಂಜು ತೊಳೆಯಲು ಸ್ವಲ್ಪ ನೀರು ಒಳಗೆ ಬಿಟ್ಟು ತಲೆ ಆಡಿಸುವುದು ಡೈವರ್‌ಗಳ ರೂಢಿ. ನಾನೂ ಮಾಡುತ್ತಿದ್ದೆ. ಮೇಲಿನ ಮಂಜು ಹೋಗುತ್ತಿತ್ತು, ಕೆಳಗಿನ ಅಂಚಿನ ಹನಿ ಮಾತ್ರ ಅಲ್ಲೇ. ಸರಿಯಾಗಿ ಗೇಜ್ ನೋಡುವ ಜಾಗದಲ್ಲಿ. ಮನೆಗೆ ಬಂದು ತೊಳೆಯುವಾಗಲೂ ಆ ಸಂದಿಗೆ ಬೆರಳು ಹೋಗುವುದಿಲ್ಲ, ಕಿವಿಗೆ ಹಾಕುವ ಹತ್ತಿಕಡ್ಡಿ ಬೇಕು. ಒಂದು ವರ್ಷದೊಳಗೆ ಬಲಗಡೆ ಲೆನ್ಸಿನ ಮೇಲಂಚಿನಲ್ಲಿ ಅಂಟು ಬಿಡಲು ಶುರುವಾಯಿತು. ಮೊದಲು ಉಗುರಿನ ಚೂರಿನಷ್ಟು ಬಿಳಿ, ಮುಂದಿನ ಪ್ರವಾಸಕ್ಕೆ ಬಿದಿಗೆ ಚಂದ್ರನಷ್ಟು. ರಿಪೇರಿ ಕೇಳಿದರೆ ಲೆನ್ಸ್ ತೆಗೆಯಲು ಬರುವುದಿಲ್ಲ, ಹೊಸ ಮಾಸ್ಕೇ ಆಗಬೇಕು ಅಂದರು.

ಅಂಟಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಸಿಲಿಂಡರ್ ಪವರ್ ಜಾಸ್ತಿ ಇರುವವರಿಗೆ ಸಿದ್ಧ ಲೆನ್ಸ್ ಆಗುವುದಿಲ್ಲ, ಅವರು ಇದಕ್ಕೇ ಹೋಗಬೇಕಾಗುತ್ತದೆ. ಆ ಕೆಲಸವನ್ನೇ ಮಾಡುವ, ಪಳಗಿದ ಕೈಗೆ ಕೊಡಿ. ಟೂತ್‌ಪೇಸ್ಟ್ ಮಾತ್ರ ಮುಟ್ಟಿಸಬೇಡಿ, ಬೇಬಿ ಶಾಂಪೂ ಒಂದು ಹನಿ ಸಾಕು.

ಈಗ ನನ್ನ ಮೆಚ್ಚಿನದು, ಮೂರನೇ ಸಲ ಕೊಂಡ ಎರಡು ಗಾಜಿನ ಮಾಸ್ಕ್. ಮಾಸ್ಕಿಗೆ ₹3,400, ಲೆನ್ಸ್ ಒಂದಕ್ಕೆ ₹1,900, ಒಟ್ಟು ₹7,200. ಲೆನ್ಸ್‌ಗಳು ಅರ್ಧ ಅರ್ಧ ಪವರಿನ ಅಂತರದಲ್ಲಿ ಬರುತ್ತವೆ. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಇವು ಗಾಜಿನವೇ, ಟೂತ್‌ಪೇಸ್ಟಿಗೆ ಹೆದರಬೇಕಾಗಿಲ್ಲ. ಸಿಲಿಂಡರ್ ಪವರಿನ ಲೆಕ್ಕ ಸುಲಭ: ಅದರ ಅರ್ಧವನ್ನು ದೂರದ ಪವರಿಗೆ ಸೇರಿಸಬೇಕು. ನನ್ನ ಬಲಗಣ್ಣಿಗೆ 4ಕ್ಕೆ ಅರ್ಧ ಸೇರಿ ಮೈನಸ್ 4.5. ಎಡಗಣ್ಣಿಗೆ 4 ಬೇಕಿತ್ತು, ನಾನು ಕಣ್ಣಿನ ಡಾಕ್ಟರನ್ನು ಕೇಳಿ ಬೇಕೆಂದೇ 3 ಹಾಕಿಸಿದೆ. ಅವತ್ತು ಲೆನ್ಸ್ ಕಳೆದಾಗ ಗೇಜ್ ಕಂಡಿತ್ತಲ್ವಾ, ಅದೇ ಲೆಕ್ಕ. ಬಲಗಣ್ಣು ದೂರಕ್ಕೆ, ಎಡಗಣ್ಣು ಗೇಜಿಗೆ. ಒಂದು ಅಂಕದ ವ್ಯತ್ಯಾಸಕ್ಕೆ ತಲೆ ತಿರುಗುವುದಿಲ್ಲ, ಮೊದಲ ಹತ್ತು ನಿಮಿಷ ಸ್ವಲ್ಪ ಬೇರೆ ಅನಿಸುತ್ತದೆ ಅಷ್ಟೇ.

ಪವರ್ ಮೈನಸ್ 1ರ ಆಸುಪಾಸು ಇರುವವರು ಲೆನ್ಸ್ ಕೊಳ್ಳುವ ಮೊದಲು ಬಾಡಿಗೆಯ ಸಾದಾ ಮಾಸ್ಕಿನಲ್ಲಿ ಒಂದು ಡೈವ್ ಮಾಡಿ ನೋಡಿ. ನೀರಿನಲ್ಲಿ ವಸ್ತುಗಳು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ, ಹತ್ತಿರವೂ ಅನಿಸುತ್ತವೆ. ಲೆನ್ಸಿನ ಖರ್ಚೇ ಬೇಡವಾಗಬಹುದು.

ಲೆನ್ಸನ್ನು ನಾನೇ ಅಂಗಡಿಯ ಕೌಂಟರಿನ ಮೇಲೆ ಕೂರಿಸಿದೆ. ಫ್ರೇಮ್ ಬಿಚ್ಚಿ, ಸಾದಾ ಗಾಜು ತೆಗೆದು, ಲೆನ್ಸ್ ಇಟ್ಟು, ಮತ್ತೆ ಫ್ರೇಮ್ ಒತ್ತಬೇಕು. ಸಿಲಿಕೋನಿನ ತುಟಿ ಎಲ್ಲೂ ಮಡಚಬಾರದು. ಆಯಿಲ್ ಸೀಲ್ ಕೂರಿಸಿ ಅಭ್ಯಾಸ ಇರುವ ಕೈಗೆ ಇದು ಕಷ್ಟವಾಗಲಿಲ್ಲ. ಅಭ್ಯಾಸ ಇಲ್ಲದವರು ಮಾಸ್ಕ್ ಮಾರಿದವರ ಹತ್ತಿರವೇ ಹಾಕಿಸಿಕೊಳ್ಳಿ. ಆಮೇಲೆ ಬಕೆಟ್ಟಿನಲ್ಲಿ ನೀರು ತುಂಬಿ ಮುಖ ಅದ್ದಿ ನೋಡಿದೆ, ಇಲ್ಲಿನ ಈಜುಕೊಳದಲ್ಲಿ ಎರಡು ದಿನ ಹಾಕಿ ನೋಡಿದೆ. ಸಮುದ್ರದಲ್ಲಿ ಗೊತ್ತಾಗುವುದಕ್ಕಿಂತ ಊರಲ್ಲೇ ಗೊತ್ತಾಗುವುದು ಒಳ್ಳೆಯದು.

ಇದಕ್ಕೂ ಕೊರತೆ ಇದೆ. ಒಂದೇ ಗಾಜಿನದ್ದಕ್ಕಿಂತ ಸ್ವಲ್ಪ ಭಾರ, ನಡುವೆ ಮೂಗಿನ ಮೇಲೆ ಫ್ರೇಮಿನ ಪಟ್ಟಿ ಕಾಣುತ್ತದೆ. ಎರಡನೇ ಡೈವಿಗೆ ಅದು ಮರೆತೇ ಹೋಗುತ್ತದೆ.

ಮೀಸೆ ಇರುವವರಿಗೆ ಒಂದು ಮಾತು. ಮೂರೂ ಮಾಸ್ಕಿನಲ್ಲಿ ನನಗೆ ಮೂಗಿನ ಕೆಳಗಿಂದ ನೀರು ಜಿನುಗುತ್ತಿತ್ತು. ಮೂಗಿಗೆ ತಾಗಿದಂತೆ ಮೀಸೆಯ ಮೇಲಂಚನ್ನು ಒಂದು ಅಕ್ಕಿಕಾಳಿನಷ್ಟು ಅಗಲ ಬೋಳಿಸಿದೆ. ಸಿಲಿಕೋನ್ ಕೂರಲು ಚರ್ಮ ಸಿಕ್ಕಿತು, ಜಿನುಗು ನಿಂತಿತು. ಸ್ಟ್ರಾಪ್ ಬಿಗಿ ಮಾಡಿದರೆ ನಿಲ್ಲುವುದಿಲ್ಲ, ಜಾಸ್ತಿಯಾಗುತ್ತದೆ.

ನನ್ನ ತೀರ್ಮಾನ ನನ್ನ ಕಸುಬಿನದ್ದೂ ಹೌದು. ಇಪ್ಪತ್ತು ವರ್ಷದಿಂದ ಬಿಡಿಭಾಗ ಮಾರುತ್ತಿದ್ದೇನೆ. ಒಂದು ಭಾಗ ಹೋದರೆ ಇಡೀ ಯಂತ್ರ ಎಸೆಯಬೇಕಾದ ವಸ್ತು ನನಗೆ ಸೇರುವುದಿಲ್ಲ. ಈ ವಯಸ್ಸಿನಲ್ಲಿ ಪವರ್ ಎರಡು ಮೂರು ವರ್ಷಕ್ಕೆ ಬದಲಾಗಬಹುದು. ಅಂಟಿಸಿದ ಮಾಸ್ಕಾದರೆ ಮತ್ತೆ ₹8,300. ಇದಾದರೆ ಒಂದು ಲೆನ್ಸಿಗೆ ₹1,900. ದಿನಾ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಸಣ್ಣ ವಯಸ್ಸಿನವರು ಒಂದೇ ಗಾಜಿನದ್ದನ್ನೇ ಮೆಚ್ಚಬಹುದು. ಆಗಲಿ, ಬದಲಿ ಲೆನ್ಸ್ ಮಾತ್ರ ಬ್ಯಾಗಿನಲ್ಲಿರಲಿ.

ಉಳಿದ ಸಾಮಾನಿನ ಗೋಜಿಗೆ ನಾನು ಹೋಗಿಲ್ಲ. ಡೈವಿಂಗ್ ಜಾಕೆಟ್, ನೀರಿನೊಳಗೆ ಉಸಿರಾಡುವ ರೆಗ್ಯುಲೇಟರ್ ಬಾಡಿಗೆಗೇ ತಗೊಳ್ಳುತ್ತೇನೆ. ವರ್ಷಕ್ಕೆ ನಾಲ್ಕೈದು ಡೈವಿಗೆ ಅವನ್ನು ಕೊಂಡು, ಸರ್ವೀಸ್ ಮಾಡಿಸುತ್ತಾ, ಬೀರುವಿನಲ್ಲಿಟ್ಟು ಕಾಯುವುದು ನನ್ನ ಬಜೆಟ್ಟಿಗೆ ಹೊಂದುವುದಿಲ್ಲ. ಮಾಸ್ಕ್ ಬಿಟ್ಟರೆ ಕೊಂಡಿದ್ದು ಒಂದು ಡೈವಿಂಗ್ ಚಾಕು, ಅದು ಇವತ್ತಿನವರೆಗೆ ಒರೆಯಿಂದ ಹೊರಗೆ ಬಂದಿಲ್ಲ.

ಹೋದ ಡಿಸೆಂಬರಿನಲ್ಲಿ ಹೊಸ ಮಾಸ್ಕ್ ಹಾಕಿಕೊಂಡು ಇಳಿದೆ. ಅದೇ ಗೈಡ್ ಬಂಡೆಯ ಮೇಲೆ ಬೊಟ್ಟು ಮಾಡಿದ. ಹೆಬ್ಬೆರಳಿನ ಉಗುರಿನಷ್ಟು ಉದ್ದದ ನ್ಯೂಡಿಬ್ರಾಂಕ್, ಚಿಪ್ಪಿಲ್ಲದ ಕಡಲ ಬಸವನಹುಳು. ನೀಲಿ ಮೈ, ಅಂಚಿಗೆ ಹಳದಿ ಗೆರೆ, ಬೆನ್ನ ಹಿಂದೆ ಕುಚ್ಚಿನ ಹಾಗೆ ಅರಳಿದ ಕಿವಿರು. ಆ ಕುಚ್ಚು ನೀರಿನ ಸೆಳೆತಕ್ಕೆ ಆಚೆ ಈಚೆ ಬಾಗುತ್ತಿತ್ತು. ಗೇಜ್ ನೋಡಿದೆ, ಗಾಳಿಯ ಒತ್ತಡ ಇನ್ನೂ 90 ಬಾರ್ ಇತ್ತು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆವು.