ಕುಂತಿಬೆಟ್ಟ ಹತ್ತೋ ಮುಂಚೆ ಬಂಡೆಯ ಅಡಿಗೆ ಒಂದ್ಸಲ ಕಣ್ಣು ಹಾಯಿಸಿ

ಫೆಬ್ರವರಿಯ ಒಂದು ಭಾನುವಾರ ಪಾಂಡವಪುರದ ಹತ್ತಿರದ ಕುಂತಿಬೆಟ್ಟದಲ್ಲಿ ನಮ್ಮ ಮೇಲೆ ಹೆಜ್ಜೇನು ಎದ್ದಿತು. ಹತ್ತಿದವರು 38 ಜನ, ಕಡಿಸಿಕೊಳ್ಳದೆ ಬಂದವರು ಬೆರಳೆಣಿಕೆಯಷ್ಟು. ನನಗೆ 43 ಕಡೆ. ಯಾರ ಜೀವಕ್ಕೂ ಏನಾಗಲಿಲ್ಲ, ಒಬ್ಬರದ್ದು ಸ್ವಲ್ಪದರಲ್ಲಿ ಉಳಿಯಿತು. ಇದನ್ನು ಆಫೀಸಿನಲ್ಲಿ ಹೇಳಿದಾಗ ಪಕ್ಕದ ಟೇಬಲ್ಲಿನವರು "ಅದೇನ್ ಬೆಟ್ಟ ಸರ್, ಗುಡ್ಡ. ಮುಂದಿನ ವಾರ ನಾವೂ ಹೋಗ್ತಿದೀವಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ಕುಂತಿಬೆಟ್ಟ ನನಗೆ ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಮೈಸೂರಿನಿಂದ ಪಾಂಡವಪುರಕ್ಕೆ ಬಸ್ಸು, ಅಲ್ಲಿಂದ ಆಟೋ, ಕೈಯಲ್ಲಿ ಒಂದು ಬಾಟಲಿ ನೀರು, ಅಷ್ಟೇ ಸಿದ್ಧತೆ. ಈ ಸಲ ಮಾತ್ರ ಅಕ್ಕನ ಮಗ (14 ವರ್ಷ) ಹಠ ಹಿಡಿದ ಅಂತ ವಾಟ್ಸಾಪಿನಲ್ಲಿ ಬಂದ ಒಂದು ಪೋಸ್ಟರ್ ನೋಡಿ ತಲೆಗೆ 799 ರೂಪಾಯಿ ಕಟ್ಟಿದೆ. ಸೂರ್ಯೋದಯ, ತಿಂಡಿ, 'ಅನುಭವಿ ಲೀಡರ್‌ಗಳು'. ಯಾರು ನಡೆಸಿದ್ದು ಅಂತ ಹೆಸರು ಹೇಳಲ್ಲ, ಇಂಥವರು ಒಬ್ಬರೇ ಇಲ್ಲ. ಪರ್ಮಿಷನ್ ಇದೆಯಾ ಅಂತ ಕೇಳಿದ್ದಕ್ಕೆ "ಎಲ್ಲಾ ಮಾತಾಡಿದೀವಿ ಸರ್" ಅಂದರು. ಮಾತಾಡಿದ್ದಕ್ಕೆ ಕಾಗದ ಎಲ್ಲಿ ಅಂತ ನಾನು ಕೇಳಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದವನಿಗೆ ಅಷ್ಟು ಬುದ್ಧಿ ಓಡಲ್ಲ ಅಂದುಕೊಳ್ಳಿ.

ಐದಕ್ಕೆಲ್ಲ ಬೆಟ್ಟದ ಬುಡದಲ್ಲಿದ್ದೆವು. ಎಲ್ಲೋ ಆಲೆಮನೆ ನಡೀತಿತ್ತು, ಕತ್ತಲಲ್ಲಿ ಬೆಲ್ಲದ ವಾಸನೆ. ಲೀಡರ್ ಹುಡುಗ ವನವಾಸದಲ್ಲಿ ಕುಂತಿ ಮಕ್ಕಳ ಜೊತೆ ಇಲ್ಲಿದ್ದಳು, ಭೀಮ ಬಕಾಸುರನನ್ನು ಕೊಂದ ಅಂತ ಕಥೆ ಶುರು ಮಾಡಿದ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಅಂತ ಕರೆದದ್ದನ್ನೂ ಹೇಳಿದ. ಕಥೆ ಚೆನ್ನಾಗಿಯೇ ಹೇಳಿದ. ಜೇನಿನ ವಿಷಯ ಒಂದು ಮಾತೂ ಆಡಲಿಲ್ಲ.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಕುಂತಿಬೆಟ್ಟ ಹತ್ತಿರದಿಂದಲೂ ನುಣ್ಣಗೆ, ತೊಂದರೆಯೇ ಅದು. ಹಾಸುಬಂಡೆ, ಹಿಡಿಯೋಕೆ ಅಲ್ಲೊಂದು ಇಲ್ಲೊಂದು ಹುಲ್ಲಿನ ಬುಡ. ಹತ್ತುವಾಗ ಗೊತ್ತಾಗಲ್ಲ. ಇಳಿಯುವಾಗ, ಅದೂ ಅವಸರದಲ್ಲಿ ಇಳಿಯುವಾಗ, ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸೂರ್ಯೋದಯ ಚೆನ್ನಾಗಿತ್ತು, ಕಬ್ಬಿನ ಗದ್ದೆಗಳ ಮೇಲೆ ಮಂಜು. ಫೋಟೋ, ರೀಲ್ಸು, ಜೈಕಾರ ಎಲ್ಲ ಆಯಿತು. ಆಯೋಜಕರ ಕಡೆಯವನೊಬ್ಬ ಡ್ರೋನ್ ಹಾರಿಸುತ್ತಿದ್ದ.

ಎಂಟೂವರೆ ಹೊತ್ತಿಗೆ ಇಳಿಯಲು ಶುರು ಮಾಡಿದಾಗ ಒಂದು ದೊಡ್ಡ ಗುಂಡುಬಂಡೆಯ ಚಾಚಿನ ಕೆಳಗೆ ಮೂರು ಜೇನುಹುಟ್ಟು ಕಂಡವು. ಒಂದೊಂದೂ ಒಂದು ಮೀಟರ್ ಅಗಲ ಇರಬಹುದು. ಹೆಜ್ಜೇನು ತುಡುವೆ ಜೇನಿನ ಹಾಗೆ ಪೊಟರೆಯೊಳಗೆ ಕಟ್ಟಲ್ಲ, ಬಯಲಲ್ಲೇ ಒಂದೇ ಮೇಣದ ತಟ್ಟೆ ಇಳಿಬಿಡುತ್ತೆ, ಅದರ ಮೇಲೆ ಹುಳಗಳೇ ಪರದೆಯ ಹಾಗೆ ಮುಚ್ಚಿಕೊಂಡಿರುತ್ತವೆ. ನಾನು ಹುಡುಗನನ್ನು ಕರೆದು ತೋರಿಸಿದೆ. ನೋಡನೋಡುತ್ತಿದ್ದಂತೆ ಆ ಕಪ್ಪು ಪರದೆಯ ಮೇಲೆ ಒಂದು ಅಲೆ ಎದ್ದಿತು. ಒಂದು ಬದಿಯಿಂದ ಇನ್ನೊಂದು ಬದಿಗೆ ಸರ್ ಅಂತ ಹೊಳೆದು ಹೋಯಿತು. ಮತ್ತೆ ಇನ್ನೊಂದು. "ಮಾಮ, ಸ್ಟೇಡಿಯಮ್ಮಲ್ಲಿ ಜನ ಎದ್ದೆದ್ದು ಕೂರ್ತಾರಲ್ಲ, ಥೇಟ್ ಹಂಗೇ!" ಅಂದ. ಸುತ್ತ ಹತ್ತು ಮೊಬೈಲು ಮೇಲೆದ್ದವು. ಒಬ್ಬರು ಸಿಳ್ಳೆ ಹೊಡೆದರು.

ಆಮೇಲೆ ತಿಳಿದುಕೊಂಡಿದ್ದು: ಕಣಜದ ಹುಳ ಹತ್ತಿರ ಬಂದರೆ ಹೆದರಿಸೋಕೆ ಹೆಜ್ಜೇನು ಸಾಲಾಗಿ ಹಿಂಭಾಗ ಎತ್ತಿ ಹೀಗೆ ಅಲೆ ಎಬ್ಬಿಸುತ್ತವೆ. ಹುಟ್ಟಿಗೆ ಏನೋ ಕಸಿವಿಸಿಯಾಗಿದೆ ಅನ್ನೋದರ ಗುರುತು ಅದು. ನಾವು ಅದರ ಮುಂದೆ ನಿಂತು ವಿಡಿಯೋ ಮಾಡುತ್ತಿದ್ದೆವು.

ಅಷ್ಟರಲ್ಲಿ ಡ್ರೋನ್ ಬಂಡೆಯನ್ನು ಬಳಸಿಕೊಂಡು ಬಂತು. ಎಬ್ಬಿಸಿದ್ದು ಅದೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಹಿಂದಿದ್ದವರು ಮೈಗೆಲ್ಲ ಸೆಂಟು ಹೊಡೆದುಕೊಂಡಿದ್ದರು, ಗಲಾಟೆಯೂ ಇತ್ತು. ಕುರಿ ಮೇಯಿಸುವವರೊಬ್ಬರು ಆಮೇಲೆ "ಗಿಡುಗ ಬಂದು ಹುಟ್ಟಿಗೆ ಬಾಯಿ ಹಾಕುದ್ರೂ ಏಳ್ತವೆ, ಆಗ ಕೆಳಗಿದ್ದೋನ್ ಗತಿ ಮುಗೀತು" ಅಂದರು. ಅಂದರೆ ನೀವು ಏನೂ ಮಾಡದೆಯೂ ಸಿಕ್ಕಿಹಾಕಿಕೊಳ್ಳಬಹುದು. ಜೇನುಹುಟ್ಟು ಇರುವ ಬಂಡೆಯ ಹತ್ತಿರ ನಿಲ್ಲದಿರುವುದೊಂದೇ ದಾರಿ.

ಮೊದಲು ಬದಲಾಗಿದ್ದು ಸದ್ದು. ಗುಂಯ್ ಅನ್ನುತ್ತಿದ್ದದ್ದು ಒಮ್ಮೆಲೇ ದಪ್ಪಗಾಯಿತು. ನನಗೆ ಮೊದಲನೆಯದು ಕಿವಿಯ ಹಿಂದೆ ಬಿತ್ತು, ಎರಡನೆಯದು ಕಣ್ಣುರೆಪ್ಪೆಗೆ. ಜನ ಓಡಿದರು. ಆ ನುಣ್ಣನೆ ಬಂಡೆಯ ಮೇಲೆ! ಒಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಒಬ್ಬರು ಟವೆಲ್ ಬೀಸಿ ಬೀಸಿ ಓಡಿಸೋಕೆ ನೋಡಿದರು, ಅವರ ಮೇಲೆ ಇನ್ನಷ್ಟು ಮುತ್ತಿದವು. ಬುಡದವರೆಗೆ ಓಡಿ ಕೊಳಕ್ಕೆ ಹಾರಿದ ಹುಡುಗನ ಪಾಡು ಹೇಳತೀರದು. ಉಸಿರಿಗೆ ತಲೆ ಎತ್ತಿದಾಗಲೆಲ್ಲ ನೀರಿನ ಮೇಲೆ ಕಾಯುತ್ತಿದ್ದವು. ಅಕ್ಕನ ಮಗ ಹಾಕಿದ್ದು ಕಪ್ಪು ಟೀ ಶರ್ಟು. ಕಪ್ಪು ಬಣ್ಣ, ಕೂದಲು ಕಂಡರೆ ಜೇನಿಗೆ ಸಿಟ್ಟು ಜಾಸ್ತಿ ಅನ್ನೋದನ್ನು ಅವನ ಬೆನ್ನಿನ ಮೇಲೆ ಕಣ್ಣಾರೆ ಕಂಡೆ.

"ಬಡೀಬ್ಯಾಡಿ! ಮಕ ಮುಚ್ಕಂಡು ಬಗ್ಗಿ ಬನ್ನಿ ಇತ್ಲಾಗೆ!" ಅಂತ ಕೆಳಗಿನಿಂದ ಕೂಗಿದವರು ಆ ಕುರಿಯವರೇ. ಕಂಬಳಿ ಹೊದ್ದು ಅರ್ಧ ಬೆಟ್ಟ ಹತ್ತಿ ಬಂದಿದ್ದರು. ನಾನು ಅಕ್ಕನ ಮಗನ ತಲೆಗೆ ನನ್ನ ಶರ್ಟು ಸುತ್ತಿ, ಬಂಡೆಯ ಮೇಲೆ ಕೂತುಕೊಂಡೇ ಜಾರಿಸುತ್ತಾ ಇಳಿಸಿದೆ. ಹೆಜ್ಜೇನು ಹುಟ್ಟಿನ ಹತ್ತಿರ ಮಾತ್ರ ಕಡಿದು ಬಿಡಲ್ಲ, ಅಟ್ಟಿಸಿಕೊಂಡು ಬರುತ್ತೆ. ಗದ್ದೆ ಬದಿಯ ಪಂಪ್‌ಸೆಟ್ ಮನೆಯವರೆಗೂ ಬಂತು. ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡೆವು. ಹೊರಗೆ ಕುರಿಯವರು ಕಬ್ಬಿನ ಸೋಗೆಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದರು.

ಆ ಕತ್ತಲ ಕೋಣೆಯಲ್ಲಿ ಹದಿನಾಲ್ಕು ಜನ. ಕೂದಲಲ್ಲಿ ಸಿಕ್ಕ ಹುಳಗಳು ಇನ್ನೂ ಗುಂಯ್‌ಗುಡುತ್ತಿದ್ದವು. ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಯಾರ ಬ್ಯಾಗಿನಲ್ಲೋ ಹಣ್ಣು ನಜ್ಜುಗುಜ್ಜಾಗಿದೆ ಅಂದುಕೊಂಡೆ. ಅದು ಹಣ್ಣಲ್ಲ, ನಮ್ಮ ಮೈಯಿಂದಲೇ ಬರುತ್ತಿದ್ದ ವಾಸನೆ. ಜೇನು ಕಡಿದ ಜಾಗದಲ್ಲಿ ಅಂಥದ್ದೊಂದು ವಾಸನೆ ಬಿಟ್ಟು ಹೋಗುತ್ತೆ, ಉಳಿದ ಹುಳಗಳಿಗೆ ಅದೇ ಕರೆ. ಒಂದು ಕಡಿದ ಜಾಗಕ್ಕೇ ಹತ್ತು ಬಂದು ಕಡಿಯೋದು ಅದಕ್ಕೆ. ಮುಳ್ಳಿನ ಜೊತೆ ವಿಷದ ಚೀಲವೂ ಚರ್ಮದಲ್ಲೇ ಉಳಿದು, ಸ್ವಲ್ಪ ಹೊತ್ತು ವಿಷ ಒತ್ತುತ್ತಲೇ ಇರುತ್ತೆ. ಹುಡುಗನ ಕುತ್ತಿಗೆಯ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಚೀಲವೊಂದು ಮಿಡಿಯುತ್ತಿದ್ದದ್ದನ್ನು ಮೊಬೈಲ್ ಬೆಳಕಲ್ಲಿ ನೋಡಿದೆ. ಚಿಮಟ ಹುಡುಕುತ್ತಾ ಕೂರಬೇಡಿ, ಉಗುರಿನಲ್ಲೋ ಎಟಿಎಂ ಕಾರ್ಡಿನ ಅಂಚಿನಲ್ಲೋ ಕೆರೆದು ಬಿಸಾಡಿ. ಹೇಗೆ ತೆಗೆದಿರಿ ಅನ್ನೋದಕ್ಕಿಂತ ಎಷ್ಟು ಬೇಗ ತೆಗೆದಿರಿ ಅನ್ನೋದು ಮುಖ್ಯ.

ಲೀಡರ್ ಬ್ಯಾಗಿನಲ್ಲಿ ಏನಿತ್ತು ಗೊತ್ತಾ? ನಾಲ್ಕು ಬ್ಯಾಂಡೇಡು, ಒಂದು ನೋವಿನ ಸ್ಪ್ರೇ, ಒಂದು ಸ್ಟ್ರಿಪ್ ಅಲರ್ಜಿ ಮಾತ್ರೆ.

ನಮ್ಮ ಗುಂಪಿನ ಒಬ್ಬ ಹೆಂಗಸಿಗೆ ಕಡಿದಿದ್ದು ಬರೀ ಏಳೆಂಟು. ಹತ್ತೇ ನಿಮಿಷಕ್ಕೆ ತುಟಿ ಊದಿತು, ಮೈಯೆಲ್ಲ ದದ್ದು, ದನಿ ಕಟ್ಟಿತು. "ಗಂಟಲಿಗೆ ಏನೋ ಅಡ್ಡ ಬಂದಂಗಿದೆ" ಅಂದರು. ಲೀಡರ್ ಮಾತ್ರೆ ಕೊಟ್ಟು "ಸರಿಹೋಗುತ್ತೆ ಮೇಡಂ" ಅಂದ. ಇನ್ನೊಬ್ಬರು ಸುಣ್ಣ ಹಚ್ಚಿದರು. ನಾವು 108ಕ್ಕೆ ಫೋನ್ ಮಾಡುತ್ತಿರುವಾಗಲೇ ಗದ್ದೆಯವರು ತಮ್ಮ ಗೂಡ್ಸ್ ಆಟೋ ತಂದು ನಿಲ್ಲಿಸಿದರು, ಹತ್ತಿಸಿ ಪಾಂಡವಪುರದ ಆಸ್ಪತ್ರೆಗೆ ಓಡಿಸಿದೆವು. ಡಾಕ್ಟರು ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಅಲರ್ಜಿ ಮಾತ್ರೆ ತುರಿಕೆಗೆ, ಕಟ್ಟುತ್ತಿರುವ ಉಸಿರಿಗಲ್ಲ ಅಂತ ಗದರಿದರು. ಗಂಟೆಗಳಾದ ಮೇಲೆ ಮತ್ತೆ ಮರುಕಳಿಸಬಹುದು ಅಂತ ಅವರನ್ನು ರಾತ್ರಿ ಅಲ್ಲೇ ಇರಿಸಿಕೊಂಡರು. ಕಡಿತದ ಲೆಕ್ಕ ನೋಡಿ ಧೈರ್ಯ ತಂದುಕೊಳ್ಳಬೇಡಿ. ನನಗೆ 43 ಬಿದ್ದರೂ ನಾನು ನಡೆದೇ ಹೋದೆ.

ಹಾಗಂತ ನನ್ನನ್ನೂ ಸುಮ್ಮನೆ ಬಿಡಲಿಲ್ಲ. ಜಾಸ್ತಿ ಕಡಿದಿದ್ದರೆ ವಿಷ ಎರಡು ಮೂರು ದಿನ ಬಿಟ್ಟು ಕಿಡ್ನಿಗೆ ತೊಂದರೆ ಕೊಡಬಹುದಂತೆ. ಮೂತ್ರ ಕಡಿಮೆಯಾದರೆ, ಕಾಫಿ ಬಣ್ಣಕ್ಕೆ ತಿರುಗಿದರೆ ಓಡಿ ಬನ್ನಿ ಅಂದರು. ಮೈಸೂರಿಗೆ ಬಂದು ಎರಡು ಸಲ ರಕ್ತ ಪರೀಕ್ಷೆ ಮಾಡಿಸಿದೆ. ಆ ವಾರವಿಡೀ ಬಚ್ಚಲಲ್ಲಿ ಬಣ್ಣ ನೋಡುತ್ತಾ ನಿಲ್ಲೋದೇ ಆಯಿತು, ನಗಬೇಡಿ.

ಕುಂತಿಬೆಟ್ಟ ಮಾತ್ರ ಅಲ್ಲ, ಬಂಡೆ ಚಾಚಿರುವ ಯಾವ ಬೆಟ್ಟದಲ್ಲಾದರೂ ಹೂವಿನ ಕಾಲದಲ್ಲಿ ಹೆಜ್ಜೇನು ಬಂದು ಕೂರಬಹುದು. ಹೋಗುವ ಮುಂಚೆ ಬುಡದಲ್ಲಿರುವ ಊರಿನವರನ್ನು ಒಂದು ಮಾತು ಕೇಳಿ. "ಈ ಕಡೆ ಜೇನು ಐತಾ?" ಅಂದರೆ ಯಾವ ಬಂಡೆ ಅಂತ ಬೆರಳು ತೋರಿಸಿ ಹೇಳುತ್ತಾರೆ. ನಾವು ಕತ್ತಲಲ್ಲಿ ಹೋದೆವು, ಕೇಳೋಕೆ ಯಾರೂ ಎದ್ದಿರಲಿಲ್ಲ, ನೋಡೋಕೆ ಬೆಳಕಿರಲಿಲ್ಲ. ತಿಳಿ ಬಣ್ಣದ ತುಂಬುತೋಳಿನ ಬಟ್ಟೆ, ತಲೆ ಮುಖ ಮುಚ್ಚುವಷ್ಟು ದೊಡ್ಡ ಟವೆಲ್ ಇಟ್ಟುಕೊಳ್ಳಿ. ಹಿಂದೆ ಜೇನು ಕಡಿದು ಮೈಯೆಲ್ಲ ಊದಿದ್ದವರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಗುಂಪಿನ ಜೊತೆ ಹೋಗುವವರು ದುಡ್ಡು ಕಟ್ಟುವ ಮುಂಚೆಯೇ ಪರ್ಮಿಷನ್ನಿನ ಕಾಗದ ತೋರಿಸಿ ಅನ್ನಿ, ಎಷ್ಟು ಜನಕ್ಕೆ ಎಷ್ಟು ಲೀಡರ್ ಅಂತ ಕೇಳಿ. ನಮ್ಮ 38 ಜನಕ್ಕೆ ಇದ್ದದ್ದು ಇಬ್ಬರು, ಅದರಲ್ಲಿ ಒಬ್ಬ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ್ದ.

ಆಯೋಜಕರಿಗೆ ಫೋನ್ ಮಾಡಿದೆ. "ಪ್ರಕೃತಿ ಸರ್, ನಮ್ಮ ಕೈಲಿ ಏನಿದೆ" ಅಂದರು. ದುಡ್ಡಿನ ಮಾತೆತ್ತಿದ ಮೇಲೆ ಫೋನ್ ಎತ್ತಲಿಲ್ಲ. ಮೂರನೇ ವಾರ ಅದೇ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಕುಂತಿಬೆಟ್ಟದ ಜಾಹೀರಾತು ಬಂತು, ಈ ಸಲ ಡ್ರೋನ್ ವಿಡಿಯೋ ಸಮೇತ. ನಮ್ಮ ದಿನದ್ದೇ ವಿಡಿಯೋ, ಅಕ್ಕನ ಮಗನ ಕಪ್ಪು ಟೀ ಶರ್ಟು ಕಾಣುತ್ತೆ. ನಿಮಗೂ ಬಂದಿದ್ದರೆ ಹನ್ನೊಂದನೇ ಸೆಕೆಂಡಿನಲ್ಲಿ ನಿಲ್ಲಿಸಿ ನೋಡಿ. ಎಡಗಡೆ ಗುಂಡಿನ ಕೆಳಗೆ ಕಪ್ಪಗೆ ಇಳಿಬಿದ್ದಿರೋದು ನೆರಳಲ್ಲ.