ಮೈಸೂರಿನಲ್ಲಿ ಮಾಡಿಸಿದ ಬೀಟೆ ಮರದ ಟೆಲಿಕಾಸ್ಟರ್

1969ರ ಜನವರಿ 30ರಂದು ಲಂಡನ್ನಿನ ಕಟ್ಟಡವೊಂದರ ತಾರಸಿಯಲ್ಲಿ ಬೀಟಲ್ಸ್ ತಂಡ ನುಡಿಸಿದಾಗ ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದದ್ದು ಫೆಂಡರ್ ಕಂಪನಿ ಮಾಡಿಕೊಟ್ಟಿದ್ದ ರೋಸ್‌ವುಡ್ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್. ರೋಸ್‌ವುಡ್ ಎಂದರೆ ನಮ್ಮ ಬೀಟೆಯ ಬಳಗದ ಮರ. ಬೀಟೆಯ ಮೇಲೆ ಚಿತ್ತಾರ ಕೂರಿಸುವ ಕಸುಬಿಗೆ ಹೆಸರಾದ ಮೈಸೂರಿನಲ್ಲಿ ಬೆಳೆದ ನನಗೆ ಅಂಥದೊಂದು ಗಿಟಾರನ್ನು ಈ ಊರಿನಲ್ಲೇ ಮಾಡಿಸಬೇಕೆಂಬ ಆಸೆ ಬಹಳ ವರ್ಷಗಳದ್ದು. ಸರಸ್ವತಿಪುರಂನಲ್ಲಿ, ನಾಮಫಲಕವೂ ಇಲ್ಲದ ಮನೆಯೊಂದರ ಹಿಂಬದಿಯಲ್ಲಿ ಕೆಲಸ ಮಾಡುವ ತಯಾರಕರೊಬ್ಬರು ಅದನ್ನು ಈಡೇರಿಸಿದರು.

ಅವರು ಮೊದಲು ಮಾಡಿದ್ದು ನನ್ನ ಬೇಡಿಕೆಯನ್ನು ತಿದ್ದುವ ಕೆಲಸ. "ಪೂರ್ತಿ ಬೀಟೆಯಲ್ಲೇ ಮಾಡಿದರೆ ಗಂಟೆಗಟ್ಟಲೆ ನಿಂತು ನುಡಿಸುವ ನಿಮ್ಮ ಹೆಗಲು ತಡೆಯುವುದಿಲ್ಲ ಸರ್" ಎಂದವರು, ಒಳಗೆ ಪೊಳ್ಳು ಮಾಡಿದ ಮಹಾಗನಿಯ ಮೇಲೆ ಐದು ಮಿಲಿಮೀಟರ್ ದಪ್ಪದ ಬೀಟೆ ಹಲಗೆಯನ್ನು ಅಂಟಿಸುವ ಸಲಹೆ ಕೊಟ್ಟರು. ಹಳೆಯ ಟೆಲಿಕಾಸ್ಟರಿನ ಒಡಲು ಚಪ್ಪಟೆ ಹಲಗೆ. ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತದೆ. ಅದೇ ಅಳತೆಯ ಪ್ಲೈವುಡ್ ತುಂಡನ್ನು ನನ್ನ ಎದೆಗೆ ಹಿಡಿಸಿ, ನಿಲ್ಲಿಸಿ, ಕೂರಿಸಿ ನೋಡಿ, ಒತ್ತುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಅಷ್ಟನ್ನು ಮಾತ್ರ ಕೆತ್ತಿ ತೆಗೆದರು. ಸಿದ್ಧವಾದ ಗಿಟಾರ್ 3.4 ಕಿಲೋ ತೂಗುತ್ತದೆ.

ತಂತಿಯ ಉದ್ದ ಮಾತ್ರ ಮೂಲದ 648 ಮಿಲಿಮೀಟರೇ. ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಕೂಡ ಹಳೆಯ ಮಾದರಿಯದು: ಆರು ತಂತಿಗಳಿಗೆ ಹಿತ್ತಾಳೆಯ ಮೂರೇ ಸ್ಯಾಡಲ್, ಅಂದರೆ ತಂತಿ ಒರಗುವ ಪುಟ್ಟ ಆಸರೆಗಳು. ಆ ನಾದ ನನಗೆ ಬೇಕಿತ್ತು, ಆದರೆ ಎರಡೆರಡು ತಂತಿಗಳು ಒಂದೇ ಸ್ಯಾಡಲನ್ನು ಹಂಚಿಕೊಳ್ಳುವುದರಿಂದ ಒಂದರ ಶ್ರುತಿ ಕೂಡಿದರೆ ಇನ್ನೊಂದರದು ಜಾರುತ್ತದೆ. ಅದಕ್ಕಾಗಿ ಅವರು ಓರೆಯಾಗಿ ಕೊರೆದ ಸ್ಯಾಡಲ್‌ಗಳನ್ನು ಕೂರಿಸಿದರು. 12ನೇ ಫ್ರೆಟ್ಟಿನ, ಎಂದರೆ ವೀಣೆಯ ಮೆಟ್ಟಿಲಿನಂಥ ಲೋಹದ ಪಟ್ಟಿಯ, ಮೇಲೆ ತಂತಿಯನ್ನು ಬೆರಳತುದಿಯಿಂದ ಸೋಕಿಸಿ ಹೊರಡಿಸಿದ ಸ್ವರವನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಹೋಲಿಸಿ ಕೇಳುತ್ತ, ಒತ್ತಿದ ಸ್ವರ ಕೂದಲೆಳೆಯಷ್ಟು ಏರಿದರೂ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡುತ್ತ, ಅವರು ಒಂದು ಇಡೀ ಮಧ್ಯಾಹ್ನ ಕಳೆದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ವೀಣೆಗೆ ಮೇಳ ಕಟ್ಟುವವರಲ್ಲಿ ಮಾತ್ರ ಅಂಥ ತಾಳ್ಮೆಯನ್ನು ಕಂಡಿದ್ದೆ.

ಕೊರತೆಗಳೂ ಇದ್ದವು. ನಾಲ್ಕು ತಿಂಗಳೆಂದದ್ದು ಏಳು ತಿಂಗಳಾಯಿತು. ತಡವಾಗುತ್ತದೆಂದು ಅವರೇ ಮುಂಚಿತವಾಗಿ ತಿಳಿಸಬೇಕಿತ್ತು. ಮನೆಗೆ ತಂದು ಆಂಪ್ಲಿಫೈಯರಿಗೆ ಜೋಡಿಸಿದರೆ ಗುಂಯ್ ಎಂಬ ಸದ್ದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿಯ ಪಿಕಪ್‌ಗಳಲ್ಲಿ ಸ್ವಲ್ಪ ಸದ್ದು ಸಹಜವಾದರೂ ತಂತಿಯನ್ನು ಮುಟ್ಟಿದರೆ ಅದು ತಗ್ಗಬೇಕು, ಇಲ್ಲಿ ತಗ್ಗಲಿಲ್ಲ. ಬಿಚ್ಚಿ ನೋಡಿದಾಗ ಬ್ರಿಡ್ಜಿನ ಕೆಳಗಿನ ಅರ್ಥಿಂಗ್ ವೈರಿನ ಬೆಸುಗೆ ಬಿಟ್ಟುಕೊಂಡಿತ್ತು. ಹತ್ತು ನಿಮಿಷದಲ್ಲಿ ಸರಿಪಡಿಸಿದರು, ಆದರೆ ಕೈಗೆ ಕೊಡುವ ಮುನ್ನವೇ ಪರೀಕ್ಷಿಸಬೇಕಾದ ಸಂಗತಿಯದು.

ಒಟ್ಟು 78,000 ರೂಪಾಯಿ ಕೊಟ್ಟೆ. ಅದರಲ್ಲಿ ಫ್ರೆಟ್‌ಬೋರ್ಡಿನ ಕಪ್ಪು ಬೀಟೆಯೊಳಗೆ ಹಲಸಿನ ಹಳದಿ ತಿರುಳಿನಿಂದ ಕೂರಿಸಿದ ಪಾರಿಜಾತದ ಹೂವೂ ಸೇರಿದೆ. ಬೆರಳಾಡಿಸಿದರೆ ಎರಡು ಮರಗಳ ನಡುವಿನ ಗೆರೆ ಎಲ್ಲೂ ತಟ್ಟುವುದಿಲ್ಲ. ಜುಲೈ ತಿಂಗಳ ತೇವಕ್ಕೆ ಗಿಟಾರಿನ ಕತ್ತು (ನೆಕ್) ತುಸು ಹಿಂದಕ್ಕೆ ಬಾಗಿ, ಮೊದಲ ಫ್ರೆಟ್ಟುಗಳಲ್ಲಿ ತಂತಿ ಕಿರುಗುಟ್ಟಿದಾಗ ಮತ್ತೆ ಹೋದೆ. ನೆಕ್ಕಿನ ಬಾಗನ್ನು ಹದಗೊಳಿಸಲು ಅದರೊಳಗಿರುವ ಲೋಹದ ಸರಳನ್ನು (ಟ್ರಸ್ ರಾಡ್) ಕಾಲು ಸುತ್ತು ಸಡಿಲಿಸಿ, ಹಣ ಬೇಡವೆಂದು, ಬೇಸಿಗೆಯಲ್ಲಿ ಇನ್ನೊಮ್ಮೆ ತನ್ನಿ ಎಂದು ಹೇಳಿ ಕಳಿಸಿದರು.